ನಲ್ಲಿಗೆ ಕೂರದ ಕೊಳವೆ

1904ರ ಫೆಬ್ರವರಿ 7, ಭಾನುವಾರ. ಅಮೆರಿಕದ ಬಾಲ್ಟಿಮೋರ್ ನಗರದ ವ್ಯಾಪಾರಿ ಕೇರಿಯಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ ಇನ್ನೂ ಸ್ವಲ್ಪ ಸಮಯವಿದ್ದಾಗ, ಜಾನ್ ಹರ್ಸ್ಟ್ ಕಂಪನಿಯ ಜವಳಿ ಮಳಿಗೆಯಲ್ಲಿ ಬೆಂಕಿ ಕಾಣಿಸಿಕೊಂಡಿತು. ರಜೆಯ ದಿನವಾದ್ದರಿಂದ ಕೇರಿ ಖಾಲಿಯಾಗಿತ್ತು. ಗಾಳಿ ಬಿರುಸಾಗಿತ್ತು. ಊರಿನ ಅಗ್ನಿಶಾಮಕ ದಳಕ್ಕೆ ಇದು ತನ್ನ ಕೈ ಮೀರಿದ ಬೆಂಕಿ ಎಂಬುದು ಬೇಗನೆ ತಿಳಿಯಿತು. ಅಕ್ಕಪಕ್ಕದ ನಗರಗಳಿಗೆ ತಂತಿ ಹೋಯಿತು. ಎಲ್ಲಕ್ಕಿಂತ ಮೊದಲು ವಾಷಿಂಗ್ಟನ್ನಿನ ತಂಡ ತನ್ನ ಎಂಜಿನ್ನು, ಕೊಳವೆಗಳನ್ನೆಲ್ಲ ರೈಲಿಗೆ ಹೇರಿಕೊಂಡು ಬಂದಿಳಿಯಿತು. ಆಮೇಲೆ ಫಿಲಡೆಲ್ಫಿಯಾದವರು ಬಂದರು, ನ್ಯೂಯಾರ್ಕಿನವರೂ ಬಂದರು.

ಕರೆದ ಕೂಡಲೇ ನೆಂಟರೇನೋ ಬಂದರು. ಆದರೆ ಬಂದವರು ಕೊಳವೆಯನ್ನು ಹೈಡ್ರೆಂಟ್ ಎಂಬ ಬೀದಿ ನಲ್ಲಿಗೆ ಜೋಡಿಸಲು ಹೋದಾಗ ಅದು ಕೂರಲಿಲ್ಲ. ಬಾಲ್ಟಿಮೋರಿನ ನಲ್ಲಿಯ ತಿರುಪು ಒಂದು ಅಳತೆಯದು, ವಾಷಿಂಗ್ಟನ್ನಿನ ಕೊಳವೆಯ ತಿರುಪು ಇನ್ನೊಂದು ಅಳತೆಯದು. ಕೆಲವರು ಜೋಡಣೆಯ ಸುತ್ತ ಕ್ಯಾನ್ವಾಸು ಬಿಗಿದು ನೋಡಿದರು. ನೀರು ಬೀದಿಗೆ ಹರಿಯಿತೇ ಹೊರತು ಬೆಂಕಿಯನ್ನು ತಲುಪಲಿಲ್ಲ. ಜನರಿದ್ದರು, ಯಂತ್ರಗಳಿದ್ದವು, ನೀರಿತ್ತು, ನೆರವಾಗುವ ಮನಸ್ಸೂ ಇತ್ತು. ಇಲ್ಲದೆ ಹೋದದ್ದು ಒಂದು ಹಿಡಿಯಗಲದ ಹಿತ್ತಾಳೆಯ ಸುತ್ತಿನ ವಿಷಯದಲ್ಲಿ ಮೊದಲೇ ಆಗಿರಬೇಕಿದ್ದ ಒಪ್ಪಂದ. ಬೆಂಕಿ ಮೂವತ್ತು ಗಂಟೆ ಉರಿಯಿತು. ಸುಮಾರು 140 ಎಕರೆ ಪ್ರದೇಶದಲ್ಲಿ 1,500ಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು.

ವಿಪತ್ತಿನ ವೇಳೆ ನೆರವಿಗೆ ಬರುವ ಊರಿನ ದಳ, ಜಿಲ್ಲೆಯ ಪೊಲೀಸು, ರಾಜ್ಯದ ಪಡೆ, ಕೇಂದ್ರದ ಸೇನೆ ಇವೆಲ್ಲ ಒಂದರೊಡನೊಂದು ಮಾತಾಡುವುದು ಹೇಗೆ ಎಂಬ ಪ್ರಶ್ನೆಗೆ ದೊಡ್ಡ ಚರಿತ್ರೆಯೇ ಇದೆ. ಅದನ್ನು ರೇಡಿಯೊದಿಂದ ಆರಂಭಿಸುವುದು ವಾಡಿಕೆ. ಆದರೆ ಬಾಲ್ಟಿಮೋರಿನ ಕೊಳವೆಯಿಂದ ಆರಂಭಿಸಿದರೆ ವಿಷಯ ಹೆಚ್ಚು ಸ್ಪಷ್ಟವಾಗುತ್ತದೆ. ಏಕೆಂದರೆ ಮುಂದಿನ ನೂರು ವರ್ಷಗಳಲ್ಲಿ ಕೊಳವೆಯ ಜಾಗಕ್ಕೆ ತಂತಿ ಬಂತು, ತಂತಿಯ ಜಾಗಕ್ಕೆ ನಿಸ್ತಂತು ಬಂತು, ಅದರ ಮೇಲೆ ಉಪಗ್ರಹವೂ ಬಂತು. ತೊಡಕು ಮಾತ್ರ ಹಳೆಯದೇ ಆಗಿ ಉಳಿಯಿತು.

ಏಳೂವರೆ ಸುತ್ತಿನ ಪಾಠ

ಇದು ಯಾರಿಗೂ ಹೊಳೆಯದಿದ್ದ ಸಮಸ್ಯೆಯೇನಲ್ಲ. 1872ರಲ್ಲಿ ಬಾಸ್ಟನ್ ನಗರ ಹೊತ್ತಿ ಉರಿದಾಗಲೂ ಹೊರಗಿನಿಂದ ಬಂದವರ ಕೊಳವೆಗಳು ಹೊಂದದೆ ತೊಂದರೆಯಾಗಿತ್ತು. ಮರುವರ್ಷ ಅಮೆರಿಕದ ಅಗ್ನಿಶಾಮಕ ದಳಗಳ ಮುಖ್ಯಸ್ಥರು ತಮ್ಮ ಮೊದಲ ರಾಷ್ಟ್ರೀಯ ಸಮಾವೇಶ ನಡೆಸಿದರು. ಎಲ್ಲ ಊರುಗಳಿಗೂ ಒಂದೇ ಬಗೆಯ ಜೋಡಣೆ ಇರಬೇಕೆಂಬ ಮಾತು ಅಲ್ಲಿಯೇ ಚರ್ಚೆಗೆ ಬಂದಿತ್ತು. ಆ ಸಮಾವೇಶ ನಡೆದ ಊರು ಬಾಲ್ಟಿಮೋರ್! ಮೂವತ್ತೊಂದು ವರ್ಷಗಳ ನಂತರ ಅದೇ ಊರು ಅದೇ ಕಾರಣಕ್ಕೆ ಬೆಂದುಹೋಯಿತು.

ಬೆಂಕಿಯ ಬಳಿಕ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ದೇಶದಾದ್ಯಂತ ಬಳಕೆಯಲ್ಲಿದ್ದ ಜೋಡಣೆಗಳನ್ನು ಕಲೆಹಾಕಿತು. ಆರುನೂರಕ್ಕೂ ಹೆಚ್ಚು ಬಗೆಗಳು ಸಿಕ್ಕವು. ಎರಡೂವರೆ ಅಂಗುಲ ವ್ಯಾಸ, ಅಂಗುಲಕ್ಕೆ ಏಳೂವರೆ ಸುತ್ತು ಎಂಬ ರಾಷ್ಟ್ರೀಯ ಮಾನಕ 1905ರಲ್ಲಿ ನಿಗದಿಯಾಯಿತು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. 1991ರ ಅಕ್ಟೋಬರ್ 20ರಂದು ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಗುಡ್ಡಗಳಿಗೆ ಬೆಂಕಿ ಬಿದ್ದು 25 ಜನ ಸತ್ತರು. ನೆರವಿಗೆ ಬಂದ ದಳಗಳ ಕೊಳವೆ ಎರಡೂವರೆ ಅಂಗುಲದ್ದು, ಓಕ್ಲೆಂಡಿನ ನಲ್ಲಿ ಮೂರು ಅಂಗುಲದ್ದು. ಎರಡನ್ನೂ ಹೊಂದಿಸುವ ನಡುಜೋಡಣೆಗಳಿಗಾಗಿ ಪರದಾಡಬೇಕಾಯಿತು. ಬಾಲ್ಟಿಮೋರ್ ಬೆಂಕಿಗೆ ನೂರು ವರ್ಷ ತುಂಬಿದ 2004ರಲ್ಲಿ ಅದೇ ಮಾನಕ ಸಂಸ್ಥೆ ಮತ್ತೆ ಲೆಕ್ಕ ಹಾಕಿತು. ದೇಶದ 48 ದೊಡ್ಡ ನಗರಗಳ ಪೈಕಿ ರಾಷ್ಟ್ರೀಯ ಮಾನಕದ ನಲ್ಲಿಗಳಿದ್ದದ್ದು 18ರಲ್ಲಿ ಮಾತ್ರ.

ಹೀಗೇಕಾಗುತ್ತದೆ? ಸೋಮಾರಿತನ ಎಂದುಬಿಡುವುದು ಸುಲಭ. ಆದರೆ ಊರಿನ ಲೆಕ್ಕಪತ್ರ ನೋಡುವವನ ಜಾಗದಲ್ಲಿ ನಿಂತು ಯೋಚಿಸಬೇಕು. ಸಾವಿರಾರು ನಲ್ಲಿಗಳನ್ನು ಕಿತ್ತು ಬದಲಿಸುವ ಖರ್ಚು ಈ ವರ್ಷದ್ದು, ನಮ್ಮ ಊರಿನದು. ಅದರ ಲಾಭ ಮುಂದೆಂದೋ ಒಂದು ದಿನ, ಪಕ್ಕದ ಊರಿನವರು ಬಂದಾಗ ಸಿಗುವಂಥದು. ಊರಿನೊಳಗಿನ ದಿನನಿತ್ಯದ ಸಣ್ಣ ಬೆಂಕಿಗೆ ಹಳೆಯ ನಲ್ಲಿಯೇ ಸಾಕು. ಹಾಗಾಗಿ ಪ್ರತಿ ಊರೂ ತನ್ನ ಮಟ್ಟಿಗೆ ಜಾಣತನದ ತೀರ್ಮಾನವನ್ನೇ ಮಾಡುತ್ತದೆ. ಅವೆಲ್ಲ ಸೇರಿದಾಗ ಮಾತ್ರ ದಡ್ಡತನವಾಗುತ್ತದೆ.

ಮಾತು ಬಂತು, ಭಾಷೆ ಬರಲಿಲ್ಲ

ಕೊಳವೆಯ ಚರಿತ್ರೆ ರೇಡಿಯೊದಲ್ಲಿ ಮರುಕಳಿಸಿತು. 1852ರಲ್ಲಿ ಬಾಸ್ಟನ್ ನಗರದಲ್ಲಿ ಬೆಂಕಿಯ ಸುದ್ದಿಯನ್ನು ತಂತಿಯ ಮೂಲಕ ತಿಳಿಸುವ ಪೆಟ್ಟಿಗೆಗಳು ಬೀದಿಬೀದಿಯಲ್ಲಿ ಬಂದವು. 1928ರಲ್ಲಿ ಡೆಟ್ರಾಯಿಟ್ ಪೊಲೀಸರು ತಮ್ಮ ಗಸ್ತು ಕಾರುಗಳಿಗೆ ರೇಡಿಯೊದಲ್ಲಿ ಆದೇಶ ಕೊಡಲು ಆರಂಭಿಸಿದರು. ಆಗ ಕಾರಿನಲ್ಲಿದ್ದವರು ಕೇಳಬಹುದಿತ್ತೇ ಹೊರತು ಉತ್ತರ ಹೇಳುವಂತಿರಲಿಲ್ಲ. ಉತ್ತರಿಸಬೇಕೆಂದರೆ ಕಾರು ನಿಲ್ಲಿಸಿ ದೂರವಾಣಿ ಹುಡುಕಬೇಕಿತ್ತು. ಐದು ವರ್ಷಗಳ ನಂತರ ನ್ಯೂಜೆರ್ಸಿಯ ಬೇಯೋನ್ ಎಂಬ ಊರಿನಲ್ಲಿ ಎರಡೂ ಕಡೆಯಿಂದ ಮಾತಾಡುವ ವ್ಯವಸ್ಥೆ ಬಂತು.

ಆಮೇಲೆ ಒಂದೊಂದು ಇಲಾಖೆಯೂ ತನಗೆ ಹಣ ಸಿಕ್ಕಾಗ, ಆ ಕಾಲಕ್ಕೆ ಯಾವ ತರಂಗಾಂತರ ಖಾಲಿಯಿತ್ತೋ ಅದರಲ್ಲಿ, ಯಾವ ತಯಾರಕ ಅಗ್ಗಕ್ಕೆ ಕೊಟ್ಟನೋ ಅವನಿಂದ ರೇಡಿಯೊ ಕೊಂಡಿತು. ಒಂದೇ ಊರಿನ ಪೊಲೀಸರದು ಒಂದು ತರಂಗಾಂತರ, ಅಗ್ನಿಶಾಮಕರದು ಇನ್ನೊಂದು, ಆಂಬುಲೆನ್ಸಿನವರದು ಮತ್ತೊಂದು ಆಯಿತು. ರಾಜ್ಯ ಹೆದ್ದಾರಿಯ ಪೊಲೀಸರು ಮತ್ತು ಕೇಂದ್ರದ ಅರಣ್ಯ ಸೇವೆಯವರು ಬೇರೆಯೇ ಲೋಕದಲ್ಲಿದ್ದರು. ಮನೆಯ ರೇಡಿಯೊದಲ್ಲಿ ಗುಂಡಿ ತಿರುಗಿಸಿ ಬೇಕಾದ ನಿಲಯ ಹಿಡಿಯುವಂತೆ ಇಲ್ಲಿ ಹಿಡಿಯಲಾಗದು. ಒಂದು ಪಟ್ಟಿಗೆಂದು ಮಾಡಿದ ಕೈರೇಡಿಯೊ ದೂರದ ಇನ್ನೊಂದು ಪಟ್ಟಿಯ ಮಾತನ್ನು ಕೇಳಲಾರದು. ಹೀಗೆ ಹತ್ತಾರು ಸಾವಿರ ಇಲಾಖೆಗಳು ಹತ್ತಾರು ಸಾವಿರ ತಿರುಪುಗಳನ್ನು ಮಾಡಿಕೊಂಡವು.

ಯಂತ್ರ ಹೊಂದಿದರೂ ಮಾತು ಹೊಂದುತ್ತದೆಂಬ ಖಾತ್ರಿಯಿರಲಿಲ್ಲ. 1930ರ ದಶಕದ ಕೊನೆಯಲ್ಲಿ ಇಲಿನಾಯ್ ರಾಜ್ಯ ಪೊಲೀಸಿನ ಚಾರ್ಲ್ಸ್ ಹಾಪರ್ ಎಂಬಾತ ಹತ್ತರಿಂದ ಆರಂಭವಾಗುವ ಸಂಕೇತಗಳನ್ನು ರೂಪಿಸಿದ. ಅಂದಿನ ರೇಡಿಯೊಗಳ ವಿದ್ಯುತ್ ಯಂತ್ರ ಪೂರ್ಣ ವೇಗಕ್ಕೆ ಬರಲು ಅರೆಕ್ಷಣ ಹಿಡಿಯುತ್ತಿದ್ದುದರಿಂದ ಮಾತಿನ ಮೊದಲ ಅಕ್ಷರ ನುಂಗಿಹೋಗುತ್ತಿತ್ತು. ಎಲ್ಲ ಸಂಕೇತಕ್ಕೂ ಮೊದಲು 'ಟೆನ್' ಎಂದರೆ ಆ ಅಕ್ಷರ ಹೋದರೂ ನಷ್ಟವಿಲ್ಲ. 'ಟೆನ್ ಫೋರ್' ಎಂದರೆ 'ಕೇಳಿಸಿತು'. ಒಳ್ಳೆಯ ಉಪಾಯ. ಆದರೆ ಕಾಲ ಕಳೆದಂತೆ ಒಂದೊಂದು ಇಲಾಖೆ ಒಂದೊಂದು ಅರ್ಥ ಕಟ್ಟಿಕೊಂಡಿತು. ಒಂದು ಜಿಲ್ಲೆಯಲ್ಲಿ ರಸ್ತೆ ಅಪಘಾತವನ್ನು ಸೂಚಿಸುವ ಅಂಕೆ ಪಕ್ಕದ ಜಿಲ್ಲೆಯಲ್ಲಿ ಬೇರೇನನ್ನೋ ಸೂಚಿಸತೊಡಗಿತು. ಕೊನೆಗೆ, ಹಲವು ಇಲಾಖೆಗಳು ಸೇರಿದ ಕಡೆ ಸಂಕೇತ ಬಿಟ್ಟು ನೇರವಾದ ಇಂಗ್ಲಿಷಿನಲ್ಲಿ ಮಾತಾಡಬೇಕು, ಇಲ್ಲವಾದರೆ ಅನುದಾನವಿಲ್ಲ ಎಂದು ಅಮೆರಿಕದ ಕೇಂದ್ರ ಸರ್ಕಾರ 2006ರ ಹೊತ್ತಿಗೆ ಹೇಳಬೇಕಾಯಿತು. ಮನುಷ್ಯರು ಮನುಷ್ಯರಂತೆ ಮಾತಾಡಲು ಸರ್ಕಾರದ ಆದೇಶ ಬೇಕಾದ ಅಪರೂಪದ ಪ್ರಸಂಗ ಇದು.

ಕ್ಯಾಲಿಫೋರ್ನಿಯಾದ ಹದಿಮೂರು ದಿನ

ಈ ಚರಿತ್ರೆಯ ದೊಡ್ಡ ತಿರುವು 1970ರ ಸೆಪ್ಟೆಂಬರಿನಲ್ಲಿ ಬಂತು. ಬರದಿಂದ ಒಣಗಿದ್ದ ಕ್ಯಾಲಿಫೋರ್ನಿಯಾದ ಗುಡ್ಡಗಾಡಿನಲ್ಲಿ ಹದಿಮೂರು ದಿನ ಕಾಡ್ಗಿಚ್ಚು ಹಬ್ಬಿತು. 16 ಜನ ಸತ್ತರು, ಏಳುನೂರಕ್ಕೂ ಹೆಚ್ಚು ಮನೆ ಕಟ್ಟಡಗಳು ಸುಟ್ಟವು, ಐದು ಲಕ್ಷ ಎಕರೆಗೂ ಹೆಚ್ಚು ನೆಲ ಕಪ್ಪಾಯಿತು. ಕೇಂದ್ರದ ಅರಣ್ಯ ಸೇವೆ, ರಾಜ್ಯದ ಅರಣ್ಯ ಇಲಾಖೆ, ಲಾಸ್ ಏಂಜಲೀಸ್ ನಗರ, ಸುತ್ತಲಿನ ಕೌಂಟಿಗಳು ಎಲ್ಲ ದುಡಿದವು. ಯಾರೂ ಕೈಕಟ್ಟಿ ಕೂತಿರಲಿಲ್ಲ. ಆದರೆ ಒಟ್ಟಿನ ಚಿತ್ರ ಯಾರ ಕಣ್ಣ ಮುಂದೆಯೂ ಇರಲಿಲ್ಲ. ಒಂದು ಇಲಾಖೆಯ ವಾಹನಗಳು ಬೆಂಕಿಯತ್ತ ಹೋಗುತ್ತಿದ್ದಾಗ ಇನ್ನೊಂದರ ವಾಹನಗಳು ಅದೇ ರಸ್ತೆಯಲ್ಲಿ ಎದುರು ದಿಕ್ಕಿನ ಬೆಂಕಿಗೆ ಸಾಗುತ್ತಿದ್ದವೆಂದು ಹೇಳುವುದುಂಟು. 'ಟ್ಯಾಂಕರ್' ಎಂದರೆ ಒಬ್ಬರಿಗೆ ನೀರಿನ ಲಾರಿ, ಇನ್ನೊಬ್ಬರಿಗೆ ನೀರು ಸುರಿಯುವ ವಿಮಾನ.

ಮುಂದಿನ ವರ್ಷಗಳಲ್ಲಿ ಕೇಂದ್ರ ಸರ್ಕಾರದ ಹಣದಿಂದ ಈ ಇಲಾಖೆಗಳೆಲ್ಲ ಒಂದು ಮೇಜಿನ ಸುತ್ತ ಕೂತವು. ಫೈರ್‌ಸ್ಕೋಪ್ ಎಂಬ ಆ ಯೋಜನೆಯಿಂದ 'ಇನ್ಸಿಡೆಂಟ್ ಕಮಾಂಡ್ ಸಿಸ್ಟಮ್' ಹುಟ್ಟಿತು. ಕನ್ನಡದಲ್ಲಿ ಇದನ್ನು ಘಟನಾ ನಿರ್ವಹಣಾ ಪದ್ಧತಿ ಎನ್ನಬಹುದು. ಇದರಲ್ಲಿ ಹೊಸ ಯಂತ್ರ ಯಾವುದೂ ಇಲ್ಲ. ಒಂದು ಘಟನೆಗೆ ಒಬ್ಬನೇ ಮುಖ್ಯಸ್ಥ ಇರಬೇಕು. ಹಲವು ಸರ್ಕಾರಗಳ ಅಧಿಕಾರ ಸೇರುವ ಕಡೆ ಆಯಾ ಮುಖ್ಯಸ್ಥರು ಒಂದೇ ಜಾಗದಲ್ಲಿ ಕೂತು ಒಂದೇ ಯೋಜನೆಗೆ ಸಹಿ ಹಾಕಬೇಕು. ಒಬ್ಬ ಮೇಲ್ವಿಚಾರಕನ ಕೈಕೆಳಗೆ ಸುಮಾರು ಐವರು ಇರಬೇಕು, ಏಳಕ್ಕಿಂತ ಹೆಚ್ಚಾಗಬಾರದು. ಒಂದು ವಸ್ತುವಿಗೆ ಎಲ್ಲರೂ ಒಂದೇ ಹೆಸರು ಬಳಸಬೇಕು. ಯಾರು ಯಾವ ತರಂಗಾಂತರದಲ್ಲಿ ಯಾರೊಡನೆ ಮಾತಾಡಬೇಕೆಂಬುದು ಬರೆದಿಟ್ಟಿರಬೇಕು. ಅಷ್ಟೇ.

ಕೇಳಲು ಇದು ತೀರ ಸಾಧಾರಣ. ಆದರೆ ಇದರ ಒಳಮರ್ಮವನ್ನು ಗಮನಿಸಬೇಕು. ಎಲ್ಲರೂ ಎಲ್ಲರೊಡನೆ ಮಾತಾಡಬೇಕೆಂದು ಈ ಪದ್ಧತಿ ಹೇಳುವುದಿಲ್ಲ. ಸಾವಿರ ಜನ ಒಂದೇ ತರಂಗಾಂತರದಲ್ಲಿ ಮಾತಾಡಿದರೆ ಅದು ಸಂತೆಯಾಗುತ್ತದೆ, ಸಂಪರ್ಕವಲ್ಲ. ಯಾರಿಗೆ ಯಾರ ಮಾತು ಬೇಕು ಎಂಬುದನ್ನು ಬೆಂಕಿ ಬೀಳುವ ಮೊದಲೇ ತೀರ್ಮಾನಿಸಿಕೊಳ್ಳಿ ಎನ್ನುತ್ತದೆ ಈ ಪದ್ಧತಿ. ಓಕ್ಲೆಂಡ್ ದುರಂತದ ನಂತರ ಕ್ಯಾಲಿಫೋರ್ನಿಯಾ ಇದನ್ನು ರಾಜ್ಯಕ್ಕೆಲ್ಲ ಕಾನೂನಾಗಿ ಮಾಡಿತು. 2004ರಲ್ಲಿ ಇದು ಇಡೀ ಅಮೆರಿಕದ ರಾಷ್ಟ್ರೀಯ ವ್ಯವಸ್ಥೆಯ ಭಾಗವಾಯಿತು.

ಒಂದೇ ದಿನ, ಎರಡು ಕಡೆ

1982ರ ಜನವರಿ 13ರ ಹಿಮದ ಸಂಜೆ, ವಾಷಿಂಗ್ಟನ್ನಿನಿಂದ ಹೊರಟ ಏರ್ ಫ್ಲೋರಿಡಾ ವಿಮಾನ ಸೇತುವೆಗೆ ಬಡಿದು ಪೊಟೋಮ್ಯಾಕ್ ನದಿಗೆ ಬಿತ್ತು. ಸೇತುವೆಯ ಮೇಲಿದ್ದವರೂ ಸೇರಿ 78 ಜನ ಸತ್ತರು. ಅರ್ಧ ಗಂಟೆಯ ಅಂತರದಲ್ಲಿ ಅದೇ ನಗರದ ಮೆಟ್ರೊ ರೈಲು ಹಳಿ ತಪ್ಪಿ ಮೂವರು ಸತ್ತರು. ನದಿಯ ಒಂದು ದಡ ರಾಜಧಾನಿಗೆ ಸೇರಿದ್ದು, ಇನ್ನೊಂದು ದಡ ವರ್ಜೀನಿಯಾ ರಾಜ್ಯಕ್ಕೆ ಸೇರಿದ್ದು. ಎರಡೂ ದಡದ ರಕ್ಷಕರ ರೇಡಿಯೊಗಳು ಒಂದಕ್ಕೊಂದು ಮಾತಾಡಲಿಲ್ಲ. ಆ ಅವಮಾನದ ನಂತರ ಸುತ್ತಲಿನ ಊರುಗಳು ಪರಸ್ಪರ ನೆರವಿನ ಒಪ್ಪಂದ ಮಾಡಿಕೊಂಡವು, ಜೊತೆಯಾಗಿ ತಾಲೀಮು ನಡೆಸಿದವು.

ಹತ್ತೊಂಬತ್ತು ವರ್ಷಗಳ ಬಳಿಕ, 2001ರ ಸೆಪ್ಟೆಂಬರ್ 11ರಂದು, ಭಯೋತ್ಪಾದಕರು ಅಪಹರಿಸಿದ ವಿಮಾನ ಅದೇ ವರ್ಜೀನಿಯಾ ದಡದಲ್ಲಿರುವ ಪೆಂಟಗನ್ನಿಗೆ ಬಡಿಯಿತು. ಅಮೆರಿಕದ ಸೇನೆಯ ಕೇಂದ್ರ ಕಚೇರಿಯದು. ಆದರೂ ಅಲ್ಲಿನ ರಕ್ಷಣಾ ಕಾರ್ಯದ ಮುಖ್ಯಸ್ಥನಾಗಿ ನಿಂತದ್ದು ಸೇನಾಧಿಕಾರಿಯಲ್ಲ, ಕೇಂದ್ರದ ಪೊಲೀಸನೂ ಅಲ್ಲ. ಆರ್ಲಿಂಗ್ಟನ್ ಕೌಂಟಿಯ ಅಗ್ನಿಶಾಮಕ ದಳದ ಸಹಾಯಕ ಮುಖ್ಯಸ್ಥ ಜೇಮ್ಸ್ ಶ್ವಾರ್ಟ್ಜ್. ಮೂರು ಹಂತದ ಸರ್ಕಾರಗಳ ಸಿಬ್ಬಂದಿ ಅವರ ಸುತ್ತ ಸೇರಿಕೊಂಡರು. ರೇಡಿಯೊ ಅಲ್ಲಿಯೂ ತಡವರಿಸಿತು. ತರಂಗಾಂತರಗಳು ಕಿಕ್ಕಿರಿದವು, ಮೊಬೈಲ್ ಹೆಚ್ಚು ಪ್ರಯೋಜನಕ್ಕೆ ಬರಲಿಲ್ಲ. ಆದರೂ ಕೆಲಸ ನಡೆಯಿತು. ಎದುರಿಗೆ ನಿಂತವನ ಮುಖ ಪರಿಚಯವಿತ್ತು; ಯಾರ ಮಾತು ಕೊನೆಯದು ಎಂಬುದು ಎಲ್ಲರಿಗೂ ಗೊತ್ತಿತ್ತು.

ನ್ಯೂಯಾರ್ಕಿನಲ್ಲಿ ಅದೇ ಬೆಳಿಗ್ಗೆ ನಡೆದದ್ದು ಬೇರೆ. ಅಲ್ಲಿಗೆ ಮೊದಲು ಧಾವಿಸಿದವರಲ್ಲಿ ಹೆಚ್ಚಿನವರು ಒಂದೇ ನಗರದವರು, ಒಬ್ಬನೇ ಮೇಯರನ ಕೈಕೆಳಗಿನವರು. ಆದರೆ ಪೊಲೀಸ್ ಇಲಾಖೆ ಮತ್ತು ಅಗ್ನಿಶಾಮಕ ಇಲಾಖೆಗಳ ನಡುವೆ ಹಳೆಯ ಪೈಪೋಟಿ ಇತ್ತು. ಇಬ್ಬರೂ ಬೇರೆ ಬೇರೆ ಕಡೆ ತಮ್ಮ ಆಜ್ಞಾ ಕೇಂದ್ರ ತೆರೆದರು. 9 ಗಂಟೆ 59 ನಿಮಿಷಕ್ಕೆ ದಕ್ಷಿಣ ಗೋಪುರ ಕುಸಿಯಿತು. ಉತ್ತರ ಗೋಪುರ ಕುಸಿದದ್ದು 10 ಗಂಟೆ 28 ನಿಮಿಷಕ್ಕೆ. ನಡುವೆ ಇದ್ದದ್ದು 29 ನಿಮಿಷ. ಆಕಾಶದಲ್ಲಿ ಪೊಲೀಸರ ಹೆಲಿಕಾಪ್ಟರ್ ಇತ್ತು. ಉಳಿದ ಗೋಪುರ ಹೆಚ್ಚು ಹೊತ್ತು ನಿಲ್ಲಲಾರದೆಂದು ಅದರಲ್ಲಿದ್ದವರು ತಮ್ಮ ರೇಡಿಯೊದಲ್ಲಿ ಹೇಳಿದರು. ಆ ಮಾತು ಪೊಲೀಸರಿಗೆ ಕೇಳಿಸಿತು. ಗೋಪುರದ ಒಳಗೆ ಮೆಟ್ಟಿಲು ಹತ್ತಿದ್ದ ಅಗ್ನಿಶಾಮಕರ ರೇಡಿಯೊ ಬೇರೆ; ಅವರಿಗೆ ಅದು ಕೇಳಿಸುವ ದಾರಿಯೇ ಇರಲಿಲ್ಲ. ಅವರ ಮುಖ್ಯಸ್ಥರೂ ಹೊರಬನ್ನಿ ಎಂದು ಆದೇಶ ಕೊಟ್ಟಿದ್ದರು. ಕೆಲವರಿಗೆ ಅದು ತಲುಪಿತು, ಕೆಲವರಿಗೆ ತಲುಪಲಿಲ್ಲ. ತಲುಪಿದವರಲ್ಲಿಯೂ ಕೆಲವರು ಜೊತೆಯವರನ್ನು ಬಿಟ್ಟು ಇಳಿಯಲಿಲ್ಲ. ಪಕ್ಕದ ಗೋಪುರ ಬಿದ್ದಿದೆ ಎಂಬುದೇ ಅನೇಕರಿಗೆ ತಿಳಿದಿರಲಿಲ್ಲ. ಆ ದಿನ ಸತ್ತ ಅಗ್ನಿಶಾಮಕರ ಸಂಖ್ಯೆ 343.

ತುರ್ತು ದೂರವಾಣಿ ಸಂಖ್ಯೆ 911ಕ್ಕೆ ಗೋಪುರಗಳ ಒಳಗಿನಿಂದ ಕರೆ ಮಾಡಿದವರ ಕಥೆ ಇನ್ನೂ ದಾರುಣ. ಕಟ್ಟಡ ಖಾಲಿ ಮಾಡಿಸಬೇಕೆಂದು ಸ್ಥಳದಲ್ಲಿದ್ದ ಮುಖ್ಯಸ್ಥರು ತೀರ್ಮಾನಿಸಿದ್ದರು. ಆದರೆ ಆ ತೀರ್ಮಾನ ದೂರವಾಣಿ ಎತ್ತುವವರನ್ನು ತಲುಪಿರಲಿಲ್ಲ. ಅವರು ಹಳೆಯ ನಿಯಮದಂತೆ ಇರುವಲ್ಲೇ ಇರಿ, ರಕ್ಷಕರು ಬರುತ್ತಾರೆ ಎಂದು ಹೇಳುತ್ತಲೇ ಇದ್ದರು. ಇಲ್ಲಿ ಯಂತ್ರ ಕೆಟ್ಟಿರಲಿಲ್ಲ. ಗೊತ್ತಿದ್ದವನಿಂದ ಗೊತ್ತಿರಬೇಕಾದವನಿಗೆ ಹೋಗುವ ದಾರಿಯನ್ನು ಯಾರೂ ಹಾಕಿರಲಿಲ್ಲ.

ಗಾಳಿಯಲ್ಲಿ ಜಾಗ

ಇಂಥ ದಿನ ಬರಬಹುದೆಂದು ಯಾರೂ ಎಚ್ಚರಿಸಿರಲಿಲ್ಲವೇ? ಎಚ್ಚರಿಸಿದ್ದರು. 1995ರಲ್ಲಿ ಒಕ್ಲಹಾಮಾ ನಗರದ ಸರ್ಕಾರಿ ಕಟ್ಟಡವನ್ನು ಸ್ಫೋಟಿಸಿ 168 ಜನರನ್ನು ಕೊಂದ ಘಟನೆಯ ನೆನಪು ಹಸಿಯಾಗಿದ್ದಾಗಲೇ, ತುರ್ತು ಸೇವೆಗಳ ನಿಸ್ತಂತು ಸಂಪರ್ಕ ಕುರಿತ ಸಲಹಾ ಸಮಿತಿಯೊಂದು ಸರ್ಕಾರಕ್ಕೆ ವರದಿ ಕೊಟ್ಟಿತು. ತರಂಗಾಂತರ ಸಾಲದು, ಇಲಾಖೆಗಳು ಪರಸ್ಪರ ಮಾತಾಡಲಾರವು, ಈಗಲೇ ಸರಿಪಡಿಸದಿದ್ದರೆ ಅವು ತಮ್ಮ ಕರ್ತವ್ಯ ಮಾಡಲಾರವು ಎಂಬುದು ಅದರ ಸಾರ. ವರದಿಯ ಮೇಲಿನ ದಿನಾಂಕ 1996ರ ಸೆಪ್ಟೆಂಬರ್ 11. ಗೋಪುರಗಳು ಬೀಳುವುದಕ್ಕೆ ಸರಿಯಾಗಿ ಐದು ವರ್ಷ ಮೊದಲು.

ಮರುವರ್ಷ ಅಮೆರಿಕದ ಸಂಸತ್ತು ತುರ್ತು ಸೇವೆಗಳಿಗೆಂದು ಒಂದಷ್ಟು ತರಂಗಾಂತರವನ್ನು ಮೀಸಲಿಟ್ಟಿತು. ಆದರೆ ಆ ಜಾಗದಲ್ಲಿ ದೂರದರ್ಶನ ವಾಹಿನಿಗಳು ಕೂತಿದ್ದವು. ಅವು ಹಳೆಯ ಪ್ರಸಾರ ಪದ್ಧತಿ ಬಿಟ್ಟು ಡಿಜಿಟಲ್‌ಗೆ ಹೋಗುವವರೆಗೆ ಜಾಗ ಖಾಲಿಯಾಗುವಂತಿರಲಿಲ್ಲ. ಅದು ದೇಶಾದ್ಯಂತ ಪೂರ್ಣವಾಗಿ ಖಾಲಿಯಾದದ್ದು 2009ರ ಜೂನ್ 12ರಂದು.

ಅಷ್ಟರೊಳಗೆ, 2005ರ ಆಗಸ್ಟ್ 29ರಂದು, ಕತ್ರಿನಾ ಚಂಡಮಾರುತ ಬಂದಿತ್ತು. ಈ ಬಾರಿ ಹೊಂದಾಣಿಕೆಯ ಪ್ರಶ್ನೆ ಏಳುವ ಮೊದಲೇ ವ್ಯವಸ್ಥೆಯೇ ಮುಳುಗಿತು. ಮೂವತ್ತು ಲಕ್ಷ ದೂರವಾಣಿಗಳು ಸತ್ತವು, 38 ತುರ್ತು ಕರೆ ಕೇಂದ್ರಗಳು ಸ್ಥಗಿತವಾದವು. ತಮ್ಮ ರಾಜ್ಯದ ಸೇನಾ ಮುಖ್ಯಸ್ಥ ಮೊದಲ ಎರಡು ಮೂರು ದಿನ ಅಂತರ್ಯುದ್ಧದ ಕಾಲದ ಸೇನಾಪತಿಯಂತೆ ಆಳನ್ನು ಕಳಿಸಿಯೇ ಸುದ್ದಿ ತಿಳಿಯಬೇಕಾಯಿತು ಎಂದು ಮಿಸಿಸಿಪ್ಪಿಯ ಗವರ್ನರ್ ಹೇಲಿ ಬಾರ್ಬರ್ ಹೇಳಿಕೊಂಡರು. ಕೇಂದ್ರ, ರಾಜ್ಯ, ನಗರ ಮೂರೂ ಒಂದರ ಮೇಲೊಂದು ತಪ್ಪು ಹೊರಿಸುವುದರಲ್ಲಿ ದಿನ ಕಳೆದವು.

ಈ ಎರಡು ಹೊಡೆತಗಳ ನಂತರ ಅಮೆರಿಕ ತುರ್ತು ಸಂಪರ್ಕಕ್ಕೆಂದೇ ಒಂದು ಕೇಂದ್ರ ಕಚೇರಿ ತೆರೆಯಿತು. 2008ರಲ್ಲಿ ರಾಷ್ಟ್ರೀಯ ಯೋಜನೆ ಬಂತು. 2012ರ ಕಾನೂನಿನಂತೆ ತುರ್ತು ಸೇವೆಗಳಿಗೆ ಮೀಸಲಾದ ಫಸ್ಟ್‌ನೆಟ್ ಎಂಬ ರಾಷ್ಟ್ರವ್ಯಾಪಿ ಜಾಲ ರೂಪುಗೊಂಡಿತು. ಇದಕ್ಕಾಗಿ 700 ಕೋಟಿ ಡಾಲರ್ ತೆಗೆದಿಡಲಾಯಿತು. 2017ರಲ್ಲಿ ಅದನ್ನು ಕಟ್ಟುವ ಗುತ್ತಿಗೆ 25 ವರ್ಷಕ್ಕೆ ಒಂದು ದೂರಸಂಪರ್ಕ ಕಂಪನಿಗೆ ಹೋಯಿತು. ಅದೂ ದೋಷವಿಲ್ಲದ ಪರಿಹಾರವಲ್ಲ. 2020ರ ಕ್ರಿಸ್‌ಮಸ್ ದಿನ ನ್ಯಾಶ್‌ವಿಲ್ ನಗರದಲ್ಲಿ ಆ ಜಾಲದ ಕಟ್ಟಡವೊಂದರ ಮುಂದೆ ಬಾಂಬು ಸಿಡಿದಾಗ ಸುತ್ತಲಿನ ವಿಶಾಲ ಪ್ರದೇಶದಲ್ಲಿ ತುರ್ತು ಕರೆಗಳೂ ಅಸ್ತವ್ಯಸ್ತವಾದವು. ಎಲ್ಲರೂ ಒಂದೇ ದಾರಿ ಹಿಡಿದರೆ ಆ ದಾರಿ ಮುರಿದಾಗ ಎಲ್ಲರೂ ನಿಲ್ಲುತ್ತಾರೆ. ಹೊಂದಾಣಿಕೆಗೂ ಒಂದು ಬೆಲೆ ಇದೆ.

ನಮ್ಮ ಕರಾವಳಿಯ ಒಂದು ಭಾನುವಾರ

ಇದೆಲ್ಲ ದೂರದ ದೇಶದ ಮಾತು ಎಂದುಕೊಳ್ಳುವಂತಿಲ್ಲ. 2004ರ ಡಿಸೆಂಬರ್ 26 ಕೂಡ ಒಂದು ಭಾನುವಾರ. ಬೆಳಿಗ್ಗೆ ಆರೂವರೆಗೆ ಸುಮಾತ್ರದ ಬಳಿ ಸಮುದ್ರದಡಿ ಭೂಮಿ ನಡುಗಿತು. ಸುನಾಮಿ ಮೊದಲು ನಿಕೋಬಾರ್ ದ್ವೀಪಗಳಿಗೆ ಅಪ್ಪಳಿಸಿತು. ಕಾರ್ ನಿಕೋಬಾರಿನ ವಾಯುನೆಲೆ ನೀರಿನಲ್ಲಿ ಮುಳುಗಿತು. ತಮಿಳುನಾಡಿನ ಕರಾವಳಿಗೆ ಅಲೆ ಬರಲು ಭೂಕಂಪದ ನಂತರ ಎರಡು ಗಂಟೆಗೂ ಹೆಚ್ಚು ಕಾಲ ಹಿಡಿಯಿತು. ದ್ವೀಪ ಮುಳುಗುತ್ತಿದೆ ಎಂಬ ಸುದ್ದಿ ವಾಯುಪಡೆಯ ಒಳಗೆ ಹರಿದಿತ್ತು. ಆದರೆ ನಾಗಪಟ್ಟಣದ ಮೀನುಗಾರನಿಗೆ ಅದನ್ನು ಮುಟ್ಟಿಸುವ ದಾರಿ ಇರಲಿಲ್ಲ. ಹವಾಮಾನ ಇಲಾಖೆ ದೆಹಲಿಯಲ್ಲಿ ಕಳಿಸಿದ ಭೂಕಂಪದ ಫ್ಯಾಕ್ಸು ಹಾಲಿ ಸಚಿವರಿಗೆ ಬದಲಾಗಿ, ಏಳು ತಿಂಗಳ ಹಿಂದೆ ಅಧಿಕಾರ ಬಿಟ್ಟಿದ್ದ ಸರ್ಕಾರದ ಸಚಿವರ ಮನೆಗೆ ಹೋಯಿತೆಂದು ಆ ದಿನಗಳ ಪತ್ರಿಕೆಗಳು ವರದಿ ಮಾಡಿದವು. ಹಿಂದೂ ಮಹಾಸಾಗರಕ್ಕೆ ಆಗ ಸುನಾಮಿ ಮುನ್ನೆಚ್ಚರಿಕೆಯ ವ್ಯವಸ್ಥೆಯೇ ಇರಲಿಲ್ಲ ಎಂಬುದು ನಿಜ. ಆದರೂ ಆ ಫ್ಯಾಕ್ಸು ನಲ್ಲಿಗೆ ಕೂರದ ಕೊಳವೆಯ ನೆನಪು ತರುತ್ತದೆ. ನಾಗಪಟ್ಟಣ ಜಿಲ್ಲೆಯೊಂದರಲ್ಲೇ ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು.

ಅದೇ ದಿನದ ಇನ್ನೊಂದು ನೆನಪು ಸ್ವಲ್ಪ ಸಮಾಧಾನದ್ದು. ಹವ್ಯಾಸಿ ರೇಡಿಯೊ ಬಳಗದ ಭಾರತಿ ಪ್ರಸಾದ್ ಮತ್ತು ಅವರ ತಂಡ ಆ ತಿಂಗಳು ಪೋರ್ಟ್‌ಬ್ಲೇರಿನಲ್ಲಿತ್ತು. ಅಂಡಮಾನಿನಿಂದ ಜಗತ್ತಿನ ಹವ್ಯಾಸಿಗಳೊಡನೆ ಮಾತಾಡುವುದು ಅವರ ಉದ್ದೇಶವಾಗಿತ್ತು. ದೂರವಾಣಿ ಸತ್ತ ಕೂಡಲೇ ಅವರು ಆ ಕೆಲಸ ಬಿಟ್ಟು ದ್ವೀಪ ಮತ್ತು ಒಳನಾಡಿನ ನಡುವೆ ಸುದ್ದಿ ದಾಟಿಸತೊಡಗಿದರು. ಸರ್ಕಾರದ ದೊಡ್ಡ ವ್ಯವಸ್ಥೆಗಳು ಮೂಕವಾಗಿದ್ದಾಗ ಈ ಸಣ್ಣ ಪೆಟ್ಟಿಗೆ ಮಾತಾಡಿತು. ಕಾರಣ ಸರಳ. ಪ್ರಪಂಚದ ಹವ್ಯಾಸಿಗಳೆಲ್ಲ ಗೊತ್ತಾದ ತರಂಗಾಂತರದಲ್ಲಿ, ಗೊತ್ತಾದ ರೀತಿಯಲ್ಲಿ ಪ್ರತಿದಿನ ಮಾತಾಡಿ ರೂಢಿಸಿಕೊಂಡಿರುತ್ತಾರೆ. ಅವರಿಗೆ ತುರ್ತು ಎಂಬುದು ನಿತ್ಯದ ಅಭ್ಯಾಸದ ಮುಂದುವರಿಕೆ ಅಷ್ಟೇ.

ಸುನಾಮಿಯ ಮರುವರ್ಷ ಭಾರತ ವಿಪತ್ತು ನಿರ್ವಹಣಾ ಕಾಯ್ದೆ ತಂದಿತು. 2007ರಲ್ಲಿ ಹೈದರಾಬಾದಿನಲ್ಲಿ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಆರಂಭವಾಯಿತು. 2010ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಕ್ಯಾಲಿಫೋರ್ನಿಯಾದ ಅದೇ ಪದ್ಧತಿಯನ್ನು ನಮ್ಮ ಆಡಳಿತಕ್ಕೆ ಹೊಂದಿಸಿ ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ ರಾಜ್ಯದಲ್ಲಿ ಮುಖ್ಯ ಕಾರ್ಯದರ್ಶಿ, ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ ಹೊಣೆಗಾರರು. ಜಿಲ್ಲೆ, ಉಪವಿಭಾಗ, ತಾಲ್ಲೂಕುಗಳಲ್ಲಿ ಯಾರು ಯಾವ ಕೆಲಸ ಮಾಡಬೇಕೆಂದು ಮೊದಲೇ ಹೆಸರಿಸಿದ ತಂಡಗಳಿರಬೇಕು. 1970ರಲ್ಲಿ ಲಾಸ್ ಏಂಜಲೀಸಿನ ಗುಡ್ಡಗಳಲ್ಲಿ ಕಲಿತ ಪಾಠ ಹೀಗೆ ಕರ್ನಾಟಕದ ತಹಶೀಲ್ದಾರರ ಮೇಜಿನವರೆಗೂ ಬಂದಿದೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಸೇನೆ, ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ, ರಾಜ್ಯದ ಅಗ್ನಿಶಾಮಕರು, ಪೊಲೀಸರು, ಊರಿನ ಯುವಕರು ಎಲ್ಲರೂ ಒಂದೇ ಕೆಸರಿನಲ್ಲಿ ಇಳಿದಿದ್ದರು. ಅಂಥ ಕಡೆ ಈ ಮೇಜಿನ ಮೇಲಿನ ಕಾಗದ ಕಾಗದವಾಗಿಯೇ ಉಳಿದಿದೆಯೇ ಅಥವಾ ರೂಢಿಯಾಗಿದೆಯೇ ಎಂಬುದರ ಮೇಲೆ ಜೀವಗಳು ನಿಂತಿರುತ್ತವೆ.

ರೂಢಿಯಾದರೆ ಏನಾಗುತ್ತದೆ ಎಂಬುದಕ್ಕೆ ಒಡಿಶಾ ಸಾಕ್ಷಿ. 1999ರ ಅಕ್ಟೋಬರಿನ ಮಹಾ ಚಂಡಮಾರುತದಲ್ಲಿ ಅಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ಅದೇ ವರ್ಷದ ಕೊನೆಯಲ್ಲಿ ಆ ರಾಜ್ಯ ವಿಪತ್ತು ನಿರ್ವಹಣೆಗೆ ಪ್ರತ್ಯೇಕ ಪ್ರಾಧಿಕಾರ ರಚಿಸಿಕೊಂಡಿತು. ಆಶ್ರಯ ಕಟ್ಟಡಗಳನ್ನು ಕಟ್ಟಿತು, ರಾಜಧಾನಿಯಿಂದ ಹಳ್ಳಿಯವರೆಗೆ ಎಚ್ಚರಿಕೆ ಹೋಗುವ ದಾರಿ ಹಾಕಿತು, ವರ್ಷ ವರ್ಷವೂ ತಾಲೀಮು ನಡೆಸಿತು. 2013ರಲ್ಲಿ ಫೈಲಿನ್ ಚಂಡಮಾರುತ ಬಂದಾಗ ಸುಮಾರು ಹತ್ತು ಲಕ್ಷ ಜನರನ್ನು ಮೊದಲೇ ಸ್ಥಳಾಂತರಿಸಲಾಯಿತು. ಸತ್ತವರ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ. ಹವಾಮಾನದ ಮುನ್ಸೂಚನೆ ಸುಧಾರಿಸಿದ್ದು ಇದಕ್ಕೆ ದೊಡ್ಡ ಕಾರಣ. ಆದರೆ ಮುನ್ಸೂಚನೆ ದೆಹಲಿಯಲ್ಲೇ ಕೂತಿದ್ದರೆ ಯಾರೂ ಉಳಿಯುತ್ತಿರಲಿಲ್ಲ.

'ಯುದ್ಧಕಾಲೇ ಶಸ್ತ್ರಾಭ್ಯಾಸ' ಎಂದು ನಾವು ನಗುತ್ತೇವೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದವನ ಗಾದೆಯೂ ನಮಗೆ ಗೊತ್ತು. ಬಾಲ್ಟಿಮೋರಿನ ಕಥೆ ಆ ಗಾದೆಗೆ ಒಂದು ಮಾತು ಸೇರಿಸುತ್ತದೆ. ಅಲ್ಲಿ ಬಾವಿ ಇತ್ತು, ಹಗ್ಗವೂ ಇತ್ತು, ನೆರೆಹೊರೆಯವರೂ ಓಡಿ ಬಂದಿದ್ದರು. ಹಗ್ಗಕ್ಕೆ ಅವರ ಕೊಡ ಕಟ್ಟಲು ಬರುತ್ತದೆಯೇ ಎಂದು ಒಂದು ಬಿಡುವಿನ ದಿನ ನೋಡಿಟ್ಟುಕೊಂಡಿರಲಿಲ್ಲ, ಅಷ್ಟೇ.